ಒಂದು ಕಾರಿನ ಸ್ಪ್ರಿಂಗು ಇನ್ನೊಂದಕ್ಕೆ ಒಪ್ಪುವುದೇ?

ಮನೆಯ ಕಾರಿನ ಹಿಂಭಾಗ ಸ್ವಲ್ಪ ಕುಳಿತಿದೆ ಎಂದಿಟ್ಟುಕೊಳ್ಳಿ. ಐದು ಮಂದಿ ಏರಿ, ಡಿಕ್ಕಿಯಲ್ಲಿ ಒಂದು ಅಕ್ಕಿಯ ಚೀಲವನ್ನಿಟ್ಟರೆ ಸಾಕು, ರಸ್ತೆಯ ಉಬ್ಬು ಬಂದಾಗಲೆಲ್ಲ ಗಾಡಿಯ ಹೊಟ್ಟೆ ತಾಗಿದ ಸದ್ದು ಕೇಳುತ್ತದೆ. ಗರಾಜಿನವರು ಬಗ್ಗಿ ನೋಡಿ, "ಸ್ಪ್ರಿಂಗು ಸತ್ತಿದೆ. ಕಂಪನಿಯದ್ದು ತರಿಸಿದರೆ ದಿನ ಹಿಡಿಯುತ್ತದೆ, ದುಡ್ಡೂ ಜಾಸ್ತಿ. ಬೇರೆ ಗಾಡಿಯದ್ದೊಂದು ಗುಜರಿಯಲ್ಲಿ ಉಂಟು, ಸರಿಯಾಗಿ ಕೂರುತ್ತದೆ, ಹಾಕುವಾ?" ಎಂದು ಕೇಳುತ್ತಾರೆ. ಅವರ ಮಾತಿನಲ್ಲಿ ಮೋಸವಿಲ್ಲ. ಆ ಸ್ಪ್ರಿಂಗು ನಿಜವಾಗಿಯೂ ಕೂರುತ್ತದೆ. ಆದರೆ ಕೂರುವುದು ಬೇರೆ, ಒಪ್ಪುವುದು ಬೇರೆ. ಈ ಎರಡರ ನಡುವಿನ ಅಂತರವೇ ಈ ಲೇಖನದ ವಿಷಯ.

ಉಡುಪಿಯಿಂದ ಬಡಗಣಕ್ಕೆ ಹೊರಟು ಸಂತೆಕಟ್ಟೆಯಲ್ಲಿ ಹೆದ್ದಾರಿಯ ಬದಿಗೆ ಅರ್ಧ ಗಂಟೆ ನಿಂತರೆ ಸ್ಪ್ರಿಂಗಿನ ಪಾಠವನ್ನು ಪುಸ್ತಕವಿಲ್ಲದೆ ಕಲಿಯಬಹುದು. ೨೦೧೦ರವರೆಗೆ ೧೭ನೆಯ ಸಂಖ್ಯೆಯದಾಗಿದ್ದು ಈಗ ೬೬ ಎನಿಸಿಕೊಂಡಿರುವ ಈ ರಸ್ತೆಯಲ್ಲಿ ಮೀನಿನ ಲಾರಿ, ಕುಂದಾಪುರದ ಬಸ್ಸು, ಖಾಲಿ ಟೆಂಪೊ, ಮಣಿಪಾಲದ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ಯುವ ಮನೆಯ ಕಾರು, ಹೀಗೆ ಎಲ್ಲ ಜಾತಿಯ ಗಾಡಿಗಳೂ ಹಾದುಹೋಗುತ್ತವೆ. ಒಂದೇ ಉಬ್ಬಿನ ಮೇಲೆ ಅವು ನಡೆದುಕೊಳ್ಳುವ ರೀತಿಯನ್ನು ಗಮನಿಸಿ. ಜನ ತುಂಬಿದ ಬಸ್ಸು ನಿಧಾನವಾಗಿ ತೂಗಿ ಸುಮ್ಮನಾಗುತ್ತದೆ. ಖಾಲಿ ಟೆಂಪೊದ ಹಿಂಭಾಗ ಕಾದ ಬಾಣಲೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತದೆ. ಅದೇ ಟೆಂಪೊ ಸಂಜೆ ಒಂದು ಟನ್ನು ಸಾಮಾನು ಹೇರಿಕೊಂಡು ಬಂದಾಗ ಬಸ್ಸಿನಷ್ಟೇ ಸಭ್ಯವಾಗಿರುತ್ತದೆ. ಸ್ಪ್ರಿಂಗು ಬದಲಾಗಲಿಲ್ಲ, ಬದಲಾದದ್ದು ಅದರ ಮೇಲಿನ ಭಾರ. ಸ್ಪ್ರಿಂಗು ಒಳ್ಳೆಯದೋ ಕೆಟ್ಟದ್ದೋ ಎಂದು ಅದೊಂದನ್ನೇ ಕೈಯಲ್ಲಿ ಹಿಡಿದು ಹೇಳುವಂತಿಲ್ಲ. ಯಾವ ಭಾರಕ್ಕೆ ಎಂದು ಮೊದಲು ಕೇಳಬೇಕು.

ಎತ್ತಿನ ಗಾಡಿಗೆ ಸ್ಪ್ರಿಂಗಿಲ್ಲ. ಮೈಸೂರಿನ ಟಾಂಗಾಕ್ಕೆ ಉಂಟು. ಎರಡರಲ್ಲೂ ಕುಳಿತವರಿಗೆ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಚಕ್ರವು ಕಲ್ಲನ್ನು ಹತ್ತಿದಾಗ ಆ ಹೊಡೆತವನ್ನು ತಾನು ನುಂಗಿಕೊಂಡು ಮೇಲಿನವರಿಗೆ ಸಾವಕಾಶವಾಗಿ ಕೊಡುವುದೇ ಸ್ಪ್ರಿಂಗಿನ ಕೆಲಸ. ಎಷ್ಟು ಭಾರಕ್ಕೆ ಎಷ್ಟು ಕುಗ್ಗಬೇಕೆಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ ೧೬೭೮ರಲ್ಲಿ ಪ್ರಕಟಿಸಿದನು: ಭಾರ ಇಮ್ಮಡಿಯಾದರೆ ಕುಗ್ಗುವುದೂ ಇಮ್ಮಡಿ. ತಕ್ಕಡಿ ಅಂಗಡಿಯ ಸ್ಪ್ರಿಂಗು ತಕ್ಕಡಿಯೂ ನಿಮ್ಮ ಕಾರೂ ನಡೆಯುವುದು ಈ ಒಂದೇ ನಿಯಮದಿಂದ.

ಒಂದು ಲೆಕ್ಕ ಮಾಡಿ ನೋಡೋಣ. ಒಂದು ಚಕ್ರದ ಮೇಲೆ ೩೦೦ ಕಿಲೋ ಭಾರವಿದೆ. ಅಲ್ಲಿನ ಸುರುಳಿ ಸ್ಪ್ರಿಂಗು ಒಂದು ಸೆಂಟಿಮೀಟರು ಕುಗ್ಗಲು ೨೫ ಕಿಲೋ ಬೇಕು ಎಂದಾದರೆ, ಗಾಡಿ ನಿಂತಲ್ಲೇ ಅದು ೧೨ ಸೆಂಟಿಮೀಟರು ಕುಗ್ಗಿರುತ್ತದೆ. ಹೀಗೆ ಕುಗ್ಗಿದ ಸ್ಪ್ರಿಂಗಿನ ಮೇಲೆ ಗಾಡಿ ನಿಮಿಷಕ್ಕೆ ಸುಮಾರು ೮೬ ಸಲ ತೂಗುತ್ತದೆ. ನಿಮಿಷಕ್ಕೆ ೬೦ರಿಂದ ೯೦ ಸಲದ ತೂಗಾಟ, ಎಂದರೆ ಹೆಚ್ಚುಕಡಮೆ ನಾಡಿಯ ಬಡಿತದಷ್ಟು, ಮನುಷ್ಯನ ದೇಹಕ್ಕೆ ಹಿತ ಎಂಬುದು ಮೋಟಾರು ಕಟ್ಟುವವರ ಅನುಭವ. ಈಗ ಗುಜರಿಯಿಂದ ತಂದ ಸ್ಪ್ರಿಂಗನ್ನು ನೋಡಿ. ಅದೇ ಉದ್ದ, ಅದೇ ಅಗಲ, ಅಷ್ಟೇ ಸುತ್ತುಗಳು. ಕಂಬಿಯ ದಪ್ಪ ಮಾತ್ರ ೧೨ ಮಿಲಿಮೀಟರಿನ ಬದಲು ೧೩. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸ. ಆದರೆ ಸುರುಳಿ ಸ್ಪ್ರಿಂಗಿನ ಬಿಗುವು ಕಂಬಿಯ ದಪ್ಪದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ಹದಿಮೂರನ್ನು ಹನ್ನೆರಡರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸಿ ನಾಲ್ಕನೆಯ ಘಾತ ಮಾಡಿದರೆ ೧.೩೮ರ ಹತ್ತಿರ ಬರುತ್ತದೆ. ಒಂದೇ ಮಿಲಿಮೀಟರಿಗೆ ನೂರಕ್ಕೆ ೩೮ ಪಾಲು ಬಿಗುವು ಹೆಚ್ಚಿತು! ಅದೇ ೩೦೦ ಕಿಲೋಗೆ ಈ ಸ್ಪ್ರಿಂಗು ಕುಗ್ಗುವುದು ೯ ಸೆಂಟಿಮೀಟರಿಗೂ ಕಡಮೆ. ಗಾಡಿ ಮೂರು ಸೆಂಟಿಮೀಟರಿಗಿಂತ ಹೆಚ್ಚು ಎದ್ದು ನಿಂತಿತು. ತೂಗಾಟ ನಿಮಿಷಕ್ಕೆ ನೂರನ್ನು ದಾಟಿತು. ಗಾಡಿ ಎದ್ದಿತೆಂದು ಮನೆಯ ಯಜಮಾನರಿಗೆ ಸಂತೋಷ. ಹಿಂದಿನ ಸೀಟಿನಲ್ಲಿ ಕುಳಿತ ಅಜ್ಜಿಗೆ ಬೆನ್ನುನೋವು. ರಸ್ತೆಯ ಸಣ್ಣ ಕಂಪನಗಳಲ್ಲಿ ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಮೇಲೆ ಕೆಳಗೆ ಆಗುವಂಥವನ್ನು ಕುಳಿತ ದೇಹ ಎಲ್ಲಕ್ಕಿಂತ ಕಡಮೆ ಸಹಿಸುತ್ತದೆ. ಬಿಗಿಯಾದ ಸ್ಪ್ರಿಂಗು ಇಂಥವನ್ನೇ ಹೆಚ್ಚಾಗಿ ಮೇಲಕ್ಕೆ ದಾಟಿಸುತ್ತದೆ. ಬ್ರಹ್ಮಾವರದಿಂದ ಮಣಿಪಾಲಕ್ಕೆ ರೋಗಿಯನ್ನು ಕರೆದೊಯ್ಯುವ ದಿನ ಇದರ ಬೆಲೆ ತಿಳಿಯುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೊಡೆದುಹಾಕಬೇಕು. ಕುಳಿತ ಸ್ಪ್ರಿಂಗೆಂದರೆ ಮೆತ್ತಗಾದ ಸ್ಪ್ರಿಂಗು ಎಂದು ಬಹಳ ಜನ ನಂಬಿದ್ದಾರೆ. ಗರಾಜಿನವರಲ್ಲಿಯೂ ಅನೇಕರು ಹಾಗೆಯೇ ಹೇಳುತ್ತಾರೆ. ವಸ್ತುಸ್ಥಿತಿ ಹಾಗಿಲ್ಲ. ವರ್ಷಗಟ್ಟಲೆ ಭಾರ ಹೊತ್ತ ಸ್ಪ್ರಿಂಗು ತನ್ನ ಎತ್ತರವನ್ನು ಕಳೆದುಕೊಳ್ಳುತ್ತದೆ, ಬಿಗುವನ್ನಲ್ಲ. ಉಕ್ಕಿನ ಗುಣ, ಕಂಬಿಯ ದಪ್ಪ, ಸುತ್ತುಗಳ ಸಂಖ್ಯೆ ಇವು ಮೂರೂ ಹಾಗೆಯೇ ಇರುವಾಗ ಬಿಗುವು ಎಲ್ಲಿಗೆ ಹೋಗಬೇಕು? ತುಕ್ಕು ಹಿಡಿದು ಕಂಬಿ ಸವೆದಿದ್ದರೆ ಮಾತು ಬೇರೆ. ಆದುದರಿಂದ ಕುಳಿತ ಗಾಡಿಗೆ ಬೇಕಾದದ್ದು ಅದೇ ಬಿಗುವಿನ, ಮೂಲ ಎತ್ತರದ ಸ್ಪ್ರಿಂಗು. ಎತ್ತರ ಹೋದದ್ದಕ್ಕೆ ಬಿಗುವನ್ನು ತುಂಬಿಸುವುದು ಹಸಿವಿಗೆ ನೀರು ಕುಡಿದಂತೆ. ಹೊಟ್ಟೆ ತುಂಬಿದಂತೆ ಕಾಣುತ್ತದೆ, ಅಷ್ಟೆ.

ಇನ್ನೊಂದು ಸೂಕ್ಷ್ಮವುಂಟು. ಅಡಕತ್ತರಿಯಲ್ಲಿ ಅಡಕೆಯನ್ನು ತಿರುಗಣಿಯ ಬುಡಕ್ಕಿಟ್ಟರೆ ಸುಲಭವಾಗಿ ಕತ್ತರಿಸುತ್ತದೆ, ತುದಿಗಿಟ್ಟರೆ ಇಲ್ಲ. ಕಾರಿನ ಸ್ಪ್ರಿಂಗೂ ಹಾಗೆಯೇ ಒಂದು ತೋಳಿನ ಮೇಲೆ ಕುಳಿತಿರುತ್ತದೆ. ತೋಳಿನ ತುದಿಯಲ್ಲಿ ಚಕ್ರ, ನಡುವಿನಲ್ಲಿ ಸ್ಪ್ರಿಂಗು ಇದ್ದರೆ ಚಕ್ರ ಎರಡು ಅಂಗುಲ ಎದ್ದಾಗ ಸ್ಪ್ರಿಂಗು ಕುಗ್ಗುವುದು ಒಂದೇ ಅಂಗುಲ. ಅದು ತಳ್ಳುವ ಬಲವೂ ಚಕ್ರಕ್ಕೆ ತಲುಪುವಾಗ ಅರ್ಧವಾಗುತ್ತದೆ. ಅರ್ಧದಲ್ಲಿ ಅರ್ಧ, ಕಾಲು. ಹೀಗಾಗಿ ಅದೇ ಸ್ಪ್ರಿಂಗು ಚಕ್ರದ ನೇರ ಮೇಲೆ ನಿಲ್ಲುವ ಇನ್ನೊಂದು ಕಾರಿಗೆ ಹೋದರೆ ನಾಲ್ಕು ಪಟ್ಟು ಬಿಗಿಯಾಗಿ ಕೆಲಸ ಮಾಡುತ್ತದೆ. ಹಳೆಯ ಫಿಯೆಟ್ಟಿನ ಮುಂಭಾಗದಲ್ಲಿ ಸ್ಪ್ರಿಂಗು ತೋಳಿನ ಮೇಲಿತ್ತು. ಮಾರುತಿ ೮೦೦ರಲ್ಲಿ ಅದು ಶಾಕಿನ ಕೊಳವೆಯನ್ನು ಸುತ್ತಿಕೊಂಡು ಹೆಚ್ಚುಕಡಮೆ ಚಕ್ರದ ಮೇಲೆಯೇ ನಿಂತಿತು. ಎರಡರ ಸ್ಪ್ರಿಂಗುಗಳನ್ನು ಪಕ್ಕಪಕ್ಕಕ್ಕಿಟ್ಟು ಯಾವುದು ಬಿಗಿ ಎಂದು ಹೋಲಿಸುವುದರಲ್ಲಿ ಅರ್ಥವೇ ಇಲ್ಲ.

ನಮ್ಮ ದೇಶದಲ್ಲಿ ಈ ಅದಲುಬದಲಿನ ಅಭ್ಯಾಸ ಬೆಳೆದದ್ದಕ್ಕೆ ಚರಿತ್ರೆಯುಂಟು. ೧೯೫೩-೫೪ರ ಸುಮಾರಿಗೆ, ಇಲ್ಲಿಯೇ ಬಿಡಿಭಾಗಗಳನ್ನು ತಯಾರಿಸದೆ ಬರಿದೆ ಜೋಡಿಸುವ ಕಂಪನಿಗಳಿಗೆ ಸರಕಾರ ಅವಕಾಶ ಕೊಡದಾಗ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪನಿಗಳು ತಮ್ಮ ಕೆಲಸವನ್ನು ನಿಲ್ಲಿಸಿ ಹೊರಟುಹೋದವು. ಅವು ಮಾರಿದ ಫೋರ್ಡು, ಷೆವರ್ಲೆ ಗಾಡಿಗಳು ಮಾತ್ರ ರಸ್ತೆಯಲ್ಲೇ ಉಳಿದವು. ಭಾಗಗಳಿಲ್ಲದ ಗಾಡಿಗಳನ್ನು ಮುರಿದ ಲಾರಿಯ ಪಟ್ಟಿ, ಕಮ್ಮಾರನ ಕುಲುಮೆ ಮತ್ತು ಮೆಕ್ಯಾನಿಕ್ಕಿನ ಬುದ್ಧಿ ಇವು ಮೂರೂ ಸೇರಿ ನಡೆಸಿದವು. ಅಂದಿನ ಆ ಜಾಣ್ಮೆಯನ್ನು ಹಳಿಯುವವನು ನಾನಲ್ಲ. ಆ ಬಳಿಕ ಬಂದ ನಮ್ಮ ಮೂರು ಕಾರುಗಳಾದರೋ ಒಂದಕ್ಕೊಂದು ಸ್ಪ್ರಿಂಗನ್ನು ಸಾಲ ಕೊಡುವಂತೆಯೇ ಇರಲಿಲ್ಲ. ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ ತಯಾರಾದ ಅಂಬಾಸಿಡರಿನ ಮುಂಭಾಗದಲ್ಲಿ ಬಹುಕಾಲ ಇದ್ದದ್ದು ಸುರುಳಿಯಲ್ಲ, ತಿರುಚಿಕೊಳ್ಳುವ ಉದ್ದನೆಯ ಉಕ್ಕಿನ ಸರಳು. ಹಿಂದೆ ಪಟ್ಟಿಗಳ ಕಟ್ಟು. ಮುಂದೆ ಪದ್ಮಿನಿ ಎಂದು ಹೆಸರಾದ ಫಿಯೆಟ್ಟಿಗೆ ಮುಂಭಾಗದಲ್ಲಿ ಸುರುಳಿ, ಹಿಂದೆ ಪಟ್ಟಿ. ೧೯೬೧ರಲ್ಲಿ ಮದರಾಸಿನಿಂದ ಬಂದ ಸ್ಟ್ಯಾಂಡರ್ಡ್ ಹೆರಾಲ್ಡಿಗೆ ಹಿಂಭಾಗದಲ್ಲಿ ಒಂದೇ ಪಟ್ಟಿ ಕಟ್ಟು, ಅದೂ ಅಡ್ಡಲಾಗಿ. ಮೂವರೂ ಮೂರು ಮಠದವರು.

ಈಗಿನ ಕಾಲದ ತೊಂದರೆ ಇದಕ್ಕೆ ತದ್ವಿರುದ್ಧ: ಗಾಡಿಗಳು ಒಂದರಂತೆ ಒಂದಿವೆ. ೨೦೧೯ರಲ್ಲಿ ಟೊಯೋಟಾ ಹೆಸರಿನಲ್ಲಿ ಬಂದ ಗ್ಲಾನ್ಜಾ, ಮಾರುತಿಯ ಬಲೇನೋದ ಅವಳಿ. ೨೦೧೨ರ ರೆನೋ ಡಸ್ಟರಿಗೂ ೨೦೧೩ರ ನಿಸ್ಸಾನ್ ಟೆರಾನೋಗೂ ಬುಡ ಒಂದೇ. ಇಂತಹ ಅವಳಿಗಳಲ್ಲಿ ಬಿಡಿಭಾಗದ ಸಂಖ್ಯೆಗಳು ತಾಳೆಯಾದರೆ ಅದನ್ನು ಅದಲುಬದಲು ಎನ್ನುವುದಕ್ಕಿಂತ ಒಂದೇ ವಸ್ತುವನ್ನು ಎರಡು ಅಂಗಡಿಯಲ್ಲಿ ಕೊಂಡದ್ದು ಎನ್ನಬೇಕು. ಮೋಸ ಹೋಗುವುದು ಅವಳಿಗಳಲ್ಲಲ್ಲ, ಅಣ್ಣತಮ್ಮಂದಿರಲ್ಲಿ. ೨೦೦೫ರ ಸ್ವಿಫ್ಟಿಗೆ ಡಿಕ್ಕಿಯನ್ನು ಜೋಡಿಸಿ ೨೦೦೮ರಲ್ಲಿ ಡಿಜೈರ್ ತಂದರು. ಸ್ಪ್ರಿಂಗು ಕೂರುವ ತಟ್ಟೆ ಒಂದೇ ತೆರನಾಗಿ ಕಂಡರೂ ಹಿಂಭಾಗ ಹೊರಬೇಕಾದ ಭಾರ ಒಂದೇ ಅಲ್ಲ. ಅಷ್ಟೇಕೆ, ಒಂದೇ ಹೆಸರಿನ ಗಾಡಿಯಲ್ಲಿಯೂ ಡೀಸೆಲ್ ಎಂಜಿನು ಪೆಟ್ರೋಲಿನದಕ್ಕಿಂತ ಭಾರ. ಆದುದರಿಂದ ಮುಂದಿನ ಸ್ಪ್ರಿಂಗುಗಳು ಬೇರೆ ಇರುತ್ತವೆ. ಅನಿಲದ ಸಿಲಿಂಡರನ್ನು ಡಿಕ್ಕಿಯಲ್ಲಿ ಹೊತ್ತ ಗಾಡಿಗೆ ಹಿಂದಿನವು ಬೇರೆ. ೨೦೨೦ರ ಏಪ್ರಿಲಿನಿಂದ ಮಾರುತಿಯವರು ಡೀಸೆಲ್ ಕಾರುಗಳನ್ನು ನಿಲ್ಲಿಸಿದರು. ಹಳೆಯ ಡೀಸೆಲ್ ಗಾಡಿಗಳು ಒಂದೊಂದಾಗಿ ಗುಜರಿ ಸೇರುವಾಗ ಅವುಗಳ ಮುಂದಿನ ಸ್ಪ್ರಿಂಗುಗಳು ಪೆಟ್ರೋಲ್ ಗಾಡಿಗಳ ಮೂತಿಯ ಕೆಳಗೆ ಸೇರಿಕೊಳ್ಳುವುದಕ್ಕೆ ದಾರಿ ತೆರೆದಿರುತ್ತದೆ. ಕೊಳ್ಳುವವರು ಎಚ್ಚರವಾಗಿರಬೇಕು. ಸ್ಪ್ರಿಂಗಿನ ಮೇಲೆ ಕೆಲವೊಮ್ಮೆ ಕಾಣುವ ಬಣ್ಣದ ಗೀರುಗಳು ಅಲಂಕಾರಕ್ಕಲ್ಲ. ಯಾವುದು ಯಾವ ಭಾರದ್ದೆಂದು ಕಾರ್ಖಾನೆಯಲ್ಲಿ ಹಚ್ಚಿದ ಗುರುತುಗಳು.

ಬಿಗುವು ಹೆಚ್ಚಾದರೆ ಸವಾರಿ ಗಡುಸಾಗುತ್ತದೆ, ಸಹಿಸಿಕೊಳ್ಳೋಣ ಎಂದು ಯಾರಾದರೂ ಹೇಳಿಯಾರು. ಅಷ್ಟಕ್ಕೇ ನಿಲ್ಲುವುದಾದರೆ ನಾನೂ ಇಷ್ಟು ಬರೆಯುತ್ತಿರಲಿಲ್ಲ.

ಸ್ಪ್ರಿಂಗಿನ ಕುಣಿತವನ್ನು ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರು. ಎಣ್ಣೆ ತುಂಬಿದ ಆ ಕೊಳವೆಯನ್ನು ಮೂಲ ಸ್ಪ್ರಿಂಗಿನ ಬಲಕ್ಕೆ ಸರಿಯಾಗಿ ಅಳೆದು ಮಾಡಿರುತ್ತಾರೆ. ಮೇಲಿನ ಲೆಕ್ಕದ ಸ್ಪ್ರಿಂಗನ್ನು ಹಾಕಿದರೆ ಶಾಕಿನ ಹಿಡಿತ ನೂರಕ್ಕೆ ಹದಿನೈದರಷ್ಟು ಸಡಿಲಿದಂತೆ. ಶಾಕು ಮೊದಲೇ ಹಳತಾಗಿದ್ದರೆ ಉಬ್ಬು ದಾಟಿದ ಮೇಲೆಯೂ ಚಕ್ರ ನೆಲಕ್ಕೆ ಕಚ್ಚಿಕೊಳ್ಳದೆ ಕುಪ್ಪಳಿಸುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಉಡುಪಿಯ ಸೀಮೆಯಲ್ಲಿ, ಒದ್ದೆ ರಸ್ತೆಯ ಮೇಲೆ, ನೆಲ ಬಿಟ್ಟ ಚಕ್ರಕ್ಕೆ ಬ್ರೇಕು ಹಾಕಿ ಫಲವೇನು?

ಹಿಂದಿನ ಸ್ಪ್ರಿಂಗುಗಳನ್ನು ಮಾತ್ರ ಬಿಗಿ ಮಾಡಿದಾಗ ತಿರುವಿನಲ್ಲಿ ದೇಹದ ವಾಲುವಿಕೆಯನ್ನು ತಡೆಯುವ ಹೊರೆ ಹೆಚ್ಚಾಗಿ ಹಿಂಬದಿಗೆ ಬೀಳುತ್ತದೆ. ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಮೊದಲು ಜಾರತೊಡಗುತ್ತವೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಆಷಾಢದ ಒಂದು ಸಂಜೆ ಇದು ತಿಳಿದುಬರುವುದು ಯಾರಿಗೂ ಬೇಡ. ಮುಂದಿನವನ್ನು ಮಾತ್ರ ಬಿಗಿ ಮಾಡಿದರೆ ಬೇರೊಂದು ತೊಂದರೆ. ರಸ್ತೆಯ ಉಬ್ಬು ಮೊದಲು ಮುಂದಿನ ಚಕ್ರಕ್ಕೆ ಸಿಗುತ್ತದೆ, ಕ್ಷಣ ಬಿಟ್ಟು ಹಿಂದಿನದಕ್ಕೆ. ಹಿಂಭಾಗ ಸ್ವಲ್ಪ ಬೇಗ ಬೇಗ ತೂಗುವಂತಿದ್ದರೆ ಅದು ಮುಂಭಾಗವನ್ನು ಹಿಡಿದುಕೊಂಡು ಗಾಡಿಯೆಲ್ಲ ಒಟ್ಟಿಗೆ ಏರಿಳಿಯುತ್ತದೆ. ಇದನ್ನು ೧೯೩೦ರ ದಶಕದಲ್ಲಿ ಅಮೆರಿಕದಲ್ಲಿ ಮಾರಿಸ್ ಆಲಿ ಎಂಬ ಎಂಜಿನಿಯರನು ಪ್ರಯೋಗಗಳಿಂದ ತೋರಿಸಿಕೊಟ್ಟನು. ಮುಂಭಾಗವೇ ಬೇಗ ತೂಗತೊಡಗಿದರೆ ಕಾರು ಅಲೆಗೆ ಸಿಕ್ಕ ದೋಣಿಯಂತೆ ಮುಂದೆ ಹಿಂದೆ ತೊನೆಯುತ್ತದೆ. ಹಿಂದಿನ ಸೀಟಿನವರಿಗೆ ತಲೆಸುತ್ತು.

ಬ್ರೇಕಿನ ವಿಷಯ ಎಲ್ಲಕ್ಕಿಂತ ಗಂಭೀರ. ಕೆಲವು ಗಾಡಿಗಳಲ್ಲಿ ಹಿಂದಿನ ಆಕ್ಸಲಿಗೂ ದೇಹಕ್ಕೂ ನಡುವೆ ಒಂದು ಸಣ್ಣ ಸರಳು, ಅದರ ತುದಿಯಲ್ಲಿ ಒಂದು ವಾಲ್ವು ಇರುತ್ತದೆ. ಹಿಂಭಾಗ ತಗ್ಗಿದ್ದರೆ ಭಾರ ಹೆಚ್ಚಿದೆಯೆಂದು ತಿಳಿದು ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಎತ್ತರವಾಗಿದ್ದರೆ ಗಾಡಿ ಖಾಲಿಯೆಂದು ಬಗೆದು ಕಡಮೆ ಬಿಡುತ್ತದೆ. ಬೇರೆ ಸ್ಪ್ರಿಂಗಿನಿಂದ ಎದ್ದು ನಿಂತ ಗಾಡಿ ತುಂಬ ಜನರಿದ್ದಾಗಲೂ ಈ ವಾಲ್ವಿಗೆ ಖಾಲಿಯಾಗಿಯೇ ಕಾಣುತ್ತದೆ. ಬ್ರೇಕು ಕೆಟ್ಟಿಲ್ಲ, ಆದರೂ ಗಾಡಿ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ.

ಊರೂರಿನಲ್ಲಿ ಕಾಣುವ ಇತರ ಉಪಾಯಗಳನ್ನೂ ಹೇಳಿಬಿಡಬೇಕು. ಸುರುಳಿಗಳ ನಡುವೆ ರಬ್ಬರಿನ ಬಳೆಯನ್ನು ತುರುಕುವುದು ಒಂದು. ಬಳೆ ಕೂತ ಸುತ್ತು ಕೆಲಸ ಮಾಡುವುದನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ. ಆರು ಸುತ್ತುಗಳ ಸ್ಪ್ರಿಂಗಿನಲ್ಲಿ ಒಂದು ಸುತ್ತು ಸುಮ್ಮನಾದರೆ ಉಳಿದ ಐದರ ಬಿಗುವು ನೂರಕ್ಕೆ ಇಪ್ಪತ್ತು ಹೆಚ್ಚು. ಗಾಡಿಯನ್ನು ತಗ್ಗಿಸಲೆಂದು ಒಂದು ಸುತ್ತನ್ನು ಕತ್ತರಿಸುವ ತರುಣರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಅದರ ಜೊತೆಗೆ ಗ್ಯಾಸಿನ ಬೆಂಕಿಯಿಂದ ಕತ್ತರಿಸಿದರೆ ಆ ಜಾಗದ ಉಕ್ಕಿನ ಹದವೇ ಹಾಳು. ಪಟ್ಟಿ ಸ್ಪ್ರಿಂಗಿನ ಗಾಡಿಗಳಲ್ಲಿ ಇನ್ನೊಂದು ಪ್ಲೇಟು ಸೇರಿಸುವುದು ವಾಡಿಕೆ. ಒಂದೇ ದಪ್ಪದ ಐದು ಪ್ಲೇಟುಗಳಿಗೆ ಆರನೆಯದನ್ನು ಸೇರಿಸಿದರೆ ಅಲ್ಲಿಯೂ ಸುಮಾರು ಇಪ್ಪತ್ತು ಪಾಲು. ಆದರೆ ಪ್ಲೇಟಿನ ದಪ್ಪವೇ ಬೇರೆಯಾದರೆ ಎಚ್ಚರ: ಪಟ್ಟಿಯ ಬಿಗುವು ದಪ್ಪದ ಮೂರನೆಯ ಘಾತದಂತೆ ಏರುತ್ತದೆ. ಆರು ಮಿಲಿಮೀಟರಿನ ಪ್ಲೇಟುಗಳ ಜಾಗಕ್ಕೆ ಏಳರವು ಬಂದರೆ ಬಿಗುವು ಒಂದೂವರೆ ಪಟ್ಟನ್ನೂ ಮೀರುತ್ತದೆ. ಬಿಗುವಾದ ಕಟ್ಟಿನಲ್ಲಿ ಮೊದಲು ಮುರಿಯುವುದು ಪ್ಲೇಟಲ್ಲ. ಅದನ್ನು ಹಿಡಿದ ಬೋಲ್ಟು, ಬುಷ್ಷು, ಕೆಲವೊಮ್ಮೆ ಚಾಸಿಯ ಕಿವಿ.

ಕಾನೂನು ಏನೆನ್ನುತ್ತದೆ? ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೊದಲು ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲಿಕನಿಗೆ ಆರು ತಿಂಗಳವರೆಗಿನ ಸೆರೆಯನ್ನೋ, ಒಂದೊಂದು ಮಾರ್ಪಾಡಿಗೆ ೫೦೦೦ ರೂಪಾಯಿ ದಂಡವನ್ನೋ, ಎರಡನ್ನೂ ಒಟ್ಟಿಗೋ ವಿಧಿಸಿತು. ಸವೆದ ಭಾಗಕ್ಕೆ ಅದೇ ಅಳತೆಯ ಭಾಗವನ್ನು ಹಾಕುವುದು ಮಾರ್ಪಾಡಲ್ಲ, ದುರಸ್ತಿ. ಗಾಡಿಯ ಎತ್ತರವನ್ನೇ ಬದಲಿಸಿದವನಿಗೆ, ಅಪಘಾತವಾದ ದಿನ, ವಿಮಾ ಕಂಪನಿಯವರೊಡನೆ ವಾದ ಮಾಡುವುದು ಸುಲಭವಾಗಲಾರದು.

ಹಾಗಾದರೆ ಮಾಡಬೇಕಾದದ್ದೇನು? ಸ್ಪ್ರಿಂಗನ್ನು ದೂರುವ ಮೊದಲು ಅಳೆದು ನೋಡಿ. ಸಮತಟ್ಟಾದ ಅಂಗಳದಲ್ಲಿ ಗಾಡಿಯನ್ನು ನಿಲ್ಲಿಸಿ, ಪ್ರತಿ ಚಕ್ರದ ನಡುವಿನಿಂದ ಅದರ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿಯಿರಿ. ಎಡ ಬಲಗಳಲ್ಲಿ ಎದ್ದು ಕಾಣುವ ವ್ಯತ್ಯಾಸವಿದ್ದರೆ ಒಂದು ಕಡೆ ಸ್ಪ್ರಿಂಗು ಮುರಿದಿರಬಹುದು. ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿಯೂ ಮಳೆಗಾಲದ ಕೆಸರೂ ಸೇರಿ ತಟ್ಟೆಯೊಳಗಿನ ಕೆಳಗಿನ ಸುತ್ತನ್ನು ತಿನ್ನುತ್ತವೆ. ಮುರಿದ ತುಂಡು ಅಲ್ಲಿಯೇ ಕೂತಿರುವುದರಿಂದ ಹೊರಗಿನಿಂದ ಕಾಣುವುದಿಲ್ಲ. ಬಳಿಕ ಒಂದೊಂದು ಮೂಲೆಯನ್ನೂ ಕೈಯಿಂದ ಬಲವಾಗಿ ಒತ್ತಿ ಬಿಡಿ. ಎದ್ದು ಒಮ್ಮೆ ಇಳಿದು ನಿಂತರೆ ಶಾಕು ಸರಿಯಿದೆ. ಮತ್ತೆ ಮತ್ತೆ ಕುಣಿದರೆ ತಪ್ಪು ಸ್ಪ್ರಿಂಗಿನದಲ್ಲ.

ಸ್ಪ್ರಿಂಗೇ ಬದಲಾಗಬೇಕೆಂದಾದರೆ ನಿಮ್ಮ ಗಾಡಿಯ ಚಾಸಿ ಸಂಖ್ಯೆಯನ್ನು ಕೊಟ್ಟು ಬಿಡಿಭಾಗದ ಸಂಖ್ಯೆಯನ್ನು ಕೇಳಿ. ಬೇರೆ ಗಾಡಿಯದು ಎಂದು ತೋರಿಸಿದ ಸ್ಪ್ರಿಂಗಿಗೂ ಅದೇ ಸಂಖ್ಯೆಯಿದ್ದರೆ ನಿಶ್ಚಿಂತೆಯಿಂದ ಕೊಳ್ಳಬಹುದು. ಬಹಳ ಹಳೆಯ ಗಾಡಿಯಾಗಿ ಮೂಲ ಭಾಗ ಎಲ್ಲಿಯೂ ಸಿಗದಿದ್ದರೆ ಕಂಬಿಯ ದಪ್ಪ, ಸುರುಳಿಯ ಅಗಲ, ಕೆಲಸ ಮಾಡುವ ಸುತ್ತುಗಳು, ತುದಿಯ ಆಕಾರ ಈ ನಾಲ್ಕನ್ನೂ ಅಳತೆಗೋಲಿನಿಂದ ತಾಳೆ ನೋಡಬೇಕು. ಎತ್ತರವನ್ನು ಕುಳಿತ ಸ್ಪ್ರಿಂಗಿನಿಂದ ಅಳೆಯದೆ ತಯಾರಕರ ಪುಸ್ತಕದಿಂದ ತೆಗೆದುಕೊಳ್ಳಬೇಕು. ಒಂದು ಕಡೆಗೆ ಮಾತ್ರ ಹೊಸದನ್ನು ಹಾಕಬೇಡಿ. ಎಡ ಬಲ ಯಾವಾಗಲೂ ಜೋಡಿ.

ಬಿಚ್ಚುವ ಕೆಲಸವನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಸೆಂಟಿಮೀಟರಿಗೆ ೨೫ ಕಿಲೋದ ಒಂದು ಸ್ಪ್ರಿಂಗನ್ನು ೧೫ ಸೆಂಟಿಮೀಟರು ಕುಗ್ಗಿಸಿ ಹಿಡಿದಾಗ ಅದರಲ್ಲಿ ಅಡಗಿರುವ ಶಕ್ತಿ ೨೮ ಕಿಲೋ ತೂಕ ಒಂದು ಮೀಟರು ಎತ್ತರದಿಂದ ಬಿದ್ದಷ್ಟು. ಹಿಡಿತ ತಪ್ಪಿದರೆ ಎದುರಿಗಿದ್ದವರ ದವಡೆ ಉಳಿಯುವುದಿಲ್ಲ. ಅದನ್ನು ಕುಗ್ಗಿಸುವ ಸರಿಯಾದ ಕ್ಲಾಂಪು ಗರಾಜಿನಲ್ಲಿದೆಯೇ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಹಗ್ಗ, ತಂತಿ ಎಂದು ಉತ್ತರ ಬಂದರೆ ಮುಂದಿನ ಗರಾಜನ್ನು ಹುಡುಕಿ. ರಬ್ಬರು ಬುಷ್ಷುಗಳ ಬೋಲ್ಟುಗಳನ್ನು ಕೊನೆಯದಾಗಿ ಬಿಗಿಯುವುದು ಗಾಡಿ ತನ್ನ ಚಕ್ರಗಳ ಮೇಲೆ ನಿಂತ ಮೇಲೆಯೇ ಆಗಬೇಕು. ತೂಗಿ ನಿಲ್ಲಿಸಿರುವಾಗ ಬಿಗಿದರೆ ರಬ್ಬರು ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಪಟ್ಟಿಯ ಗಾಡಿಯಾದರೆ ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಿ. ಚಕ್ರದ ಅಲೈನ್‌ಮೆಂಟನ್ನೂ ದೀಪಗಳ ದಿಕ್ಕನ್ನೂ ಅದೇ ವಾರ ನೋಡಿಸಿ, ಏಕೆಂದರೆ ಗಾಡಿಯ ಮೂತಿ ಒಂದಿಷ್ಟು ಎದ್ದರೂ ದೀಪದ ಬೆಳಕು ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯುತ್ತದೆ.